ಅನ್ನಪಾನನಿರೋಧ



ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ. ಎಂದರೆ ತನ್ನ ಅಧೀನದಲ್ಲಿರುವ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು. ಪಾಠಶಾಲೆಯ ಮಕ್ಕಳಿಗೆ ಇದನ್ನು ಹೇಳುವಾಗ ಕೊಟ್ಟಿಗೆಯ ದನ, ಮನೆಯ ಆಳು ಎಂದು ದೃಷ್ಟಾಂತ ಕೊಟ್ಟು ಮುಂದೆ ಸಾಗುವುದು ನನ್ನ ರೂಢಿಯಾಗಿತ್ತು. ಇದೇ ದೋಷವು ಒಂದು ದೇಶದಲ್ಲಿ ವೈದ್ಯವೃತ್ತಿಯೊಳಗೆ ಹೊಕ್ಕು ಚಿಕಿತ್ಸೆಯ ವೇಷ ಧರಿಸಿತ್ತೆಂದು ಓದಿದ ಮೇಲೆ ಆ ರೂಢಿ ತಪ್ಪಿತು.

ಆ ದೇಶ ಹಿಟ್ಲರನ ಜರ್ಮನಿ. ಗುಣವಾಗದವರೆಂದು ವೈದ್ಯರು ತೀರ್ಮಾನಿಸಿದ ರೋಗಿಗಳಿಗೆ ‘ದಯಾಮರಣ’ ನೀಡಬಹುದೆಂದು ಆತನು 1939ರ ಅಕ್ಟೋಬರಿನಲ್ಲಿ ಒಂದು ಪತ್ರಕ್ಕೆ ರುಜು ಹಾಕಿ, ಯುದ್ಧ ಆರಂಭವಾದ ಸೆಪ್ಟೆಂಬರ್ 1ರ ತಾರೀಖನ್ನು ಅದಕ್ಕೆ ಕೊಟ್ಟನು. ಆ ಪತ್ರ ಅಧಿಕಾರ ಕೊಟ್ಟಿತೇ ಹೊರತು ಕೊಲ್ಲಲೇಬೇಕೆಂದು ವಿಧಿಸಲಿಲ್ಲ. ಮಾನಸಿಕ ಚಿಕಿತ್ಸಾಲಯಗಳಿಂದ ರೋಗಿಗಳ ವಿವರವುಳ್ಳ ನಮೂನೆಗಳು ಬರ್ಲಿನ್ನಿಗೆ ಹೋದವು. ಮೂವರು ತಜ್ಞವೈದ್ಯರು ರೋಗಿಯ ಮುಖವನ್ನೇ ನೋಡದೆ ಕಾಗದದ ಮೇಲೆ ಗುರುತು ಹಾಕಿದರು: ಕೆಂಪು ಕೂಡುಚಿಹ್ನೆ ಮರಣಕ್ಕೆ, ನೀಲಿ ಕಳೆಯುವ ಚಿಹ್ನೆ ಬದುಕಿಗೆ. (ಆಯುಷ್ಯವೆಲ್ಲ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಹರಿಸಿದ ನನಗೆ ಈ ಸಂಗತಿ ಓದಿ ಕೈ ನಡುಗಿತು.) 1941ರ ಆಗಸ್ಟಿನೊಳಗೆ ಆರು ಕೇಂದ್ರಗಳಲ್ಲಿ 70,000ಕ್ಕೂ ಹೆಚ್ಚು ಜನರನ್ನು ವಿಷಾನಿಲದಿಂದ ಕೊಂದರು. ಆ ತಿಂಗಳು ಬಿಷಪ್ ಗಾಲೆನ್ ಉಪದೇಶಪೀಠದಿಂದಲೇ ಖಂಡಿಸಿದ ಮೇಲೆ ಅನಿಲದ ಕಾರ್ಯಕ್ರಮ ನಿಂತಿತು; ಕೊಲೆ ನಿಲ್ಲಲಿಲ್ಲ. ಹಸಿವು ಮತ್ತು ಔಷಧಗಳೇ ಆಯುಧಗಳಾದವು.

ಹಸಿವಿನ ಪ್ರಯೋಗ ಅದಕ್ಕೂ ಮೊದಲೇ ಇತ್ತು. ಮ್ಯೂನಿಕ್ ಬಳಿಯ ಎಗ್ಲ್‌ಫಿಂಗ್-ಹಾರ್ ಚಿಕಿತ್ಸಾಲಯದ ನಿರ್ದೇಶಕ ಹರ್ಮನ್ ಫ್ಯಾನ್‌ಮ್ಯುಲ್ಲರ್. 1939ರಲ್ಲಿ ಅದನ್ನು ಕಂಡುಬಂದ ಲುಡ್ವಿಗ್ ಲೇನರ್ ಯುದ್ಧಾನಂತರ ಸಾಕ್ಷ್ಯ ನುಡಿದನು: ನಾವು ವಿಷವನ್ನಾಗಲಿ ಸೂಜಿಮದ್ದನ್ನಾಗಲಿ ಬಳಸುವುದಿಲ್ಲ, ಆಹಾರವನ್ನು ಒಮ್ಮೆಗೇ ನಿಲ್ಲಿಸದೆ ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತೇವೆ ಎಂದು ವಿವರಿಸುತ್ತ ಆ ವೈದ್ಯನು ಒಂದು ಮಗುವನ್ನು ಹಾಸಿಗೆಯಿಂದ ಎತ್ತಿ ತೋರಿಸಿದನಂತೆ. ಮುಂದೆ 1943ರಲ್ಲಿ ಅಲ್ಲಿ ಹಸಿವಿನ ಮನೆಗಳೇ ಏರ್ಪಟ್ಟವು.

ನಮ್ಮ ಸಲ್ಲೇಖನವೂ ಇಂಥದೇ ಅಲ್ಲವೇ ಎಂದು ವಿದ್ಯಾವಂತ ಯುವಕನೊಬ್ಬ ನನ್ನನ್ನು ಕೇಳಿದ್ದುಂಟು. ಉಪವಾಸಿಯು ತನ್ನ ತಟ್ಟೆಯನ್ನು ತಾನೇ ಸರಿಸುತ್ತಾನೆ, ಅವನಿಗೆ ಪಾರಣೆಯ ದಿನ ಗೊತ್ತು. ಸಲ್ಲೇಖನಕ್ಕೂ ಸಾಧಕನ ಸ್ವಂತ ಸಂಕಲ್ಪ ಬೇಕು, ಗುರುವಿನ ಅನುಮತಿ ಬೇಕು. ಆ ಮಗುವಿನ ತಟ್ಟೆಯನ್ನು ಸರಿಸಿದವರು ಬೇರೆಯವರು.

ಇನ್ನು ಕೃತ, ಕಾರಿತ, ಅನುಮೋದಿತಗಳ ವಿಚಾರ. ಸೌಟಿನ ಅಳತೆ ತಗ್ಗಿಸಿ ಬಡಿಸಿದವರದು ಕೃತ, ತಗ್ಗಿಸಲು ಹೇಳಿದವನದು ಕಾರಿತ. ಹಾಗಾದರೆ ಬರ್ಲಿನ್ನಿನ ಸಂಶೋಧನಾಲಯದಲ್ಲಿ ಕುಳಿತು, ಕೊಲೆಯಾದವರ ಮಿದುಳುಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿಕೊಂಡು ಅಭ್ಯಾಸ ನಡೆಸಿದ ಯೂಲಿಯಸ್ ಹಾಲರ್‌ವೋರ್ಡನ್? ಆತನು ಯಾರ ಅನ್ನವನ್ನೂ ಕಸಿಯಲಿಲ್ಲ. ಸತ್ತವರು ಹೇಗೂ ಸತ್ತರು, ಜ್ಞಾನವಾದರೂ ಉಳಿಯಲಿ ಎಂಬ ಮಾತು ಕಿವಿಗೆ ಇಂಪಾಗಿಯೇ ಕೇಳುತ್ತದೆ. ಅನುಮೋದನೆಯ ಭಾಷೆ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ನಮ್ಮ ಸಮಾಜದಲ್ಲಿ ಈಗ ವೈದ್ಯರು ಅನೇಕರಿದ್ದಾರೆ. ಪ್ರತಿಕ್ರಮಣ ಹೇಳುವಾಗ ಅವರು ಈ ಮೂರನೆಯ ಪದದ ಬಳಿ ತುಸು ನಿಲ್ಲಬೇಕೆಂದು ನನ್ನ ಪ್ರಾರ್ಥನೆ.

ನ್ಯೂರೆಂಬರ್ಗಿನಲ್ಲಿ 1946–47ರಲ್ಲಿ ನಡೆದ ವಿಚಾರಣೆಯ 23 ಆರೋಪಿಗಳಲ್ಲಿ 20 ಮಂದಿ ವೈದ್ಯರು. ಏಳು ಜನರಿಗೆ ಗಲ್ಲಾಯಿತು. ಹಾಲರ್‌ವೋರ್ಡನ್ ಆ ಕಟಕಟೆಯಲ್ಲಿ ನಿಲ್ಲಲಿಲ್ಲ. ಯುದ್ಧದ ನಂತರವೂ ಸಂಶೋಧಕನಾಗಿಯೇ ಮುಂದುವರಿದನು. ಫ್ಯಾನ್‌ಮ್ಯುಲ್ಲರನಿಗೆ 1951ರಲ್ಲಿ ಆದ ಶಿಕ್ಷೆ ಐದು ವರ್ಷ ಸೆರೆ.