ಅಪ್ಪನ ಕುಡಿತಕ್ಕೆ ನಾನು ಹೊಣೆಯೇ?

“ಆ ದಿನ ನಾನು ಎದುರು ಮಾತನಾಡದಿದ್ದರೆ ಅಪ್ಪ ಅಷ್ಟು ಕುಡಿಯುತ್ತಿರಲಿಲ್ಲ.” “ಕೇಳಿದಾಗ ಹಣ ಕೊಟ್ಟಿದ್ದರೆ ಸಿಟ್ಟಾಗಿ ಮನೆಬಿಟ್ಟು ಹೋಗುತ್ತಿರಲಿಲ್ಲ.” ಕುಡಿತಕ್ಕೆ ಸಿಲುಕಿದ ತಂದೆಯೋ ತಾಯಿಯೋ ಇರುವ ಮನೆಯ ಮಕ್ಕಳು ಇದನ್ನು ಹೊರಗೆ ಹೇಳುವುದು ಅಪರೂಪ, ಒಳಗೊಳಗೇ ಹೇಳಿಕೊಳ್ಳದ ದಿನವಿಲ್ಲ. ಮದುವೆಯಾಗಿ ಬೇರೆ ಊರು ಸೇರಿದ ಮಗಳೂ ರಾತ್ರಿ ಫೋನ್ ಬಂದರೆ ಬೆಚ್ಚುತ್ತಾಳೆ. ಅಪ್ಪ ಅಲ್ಲಿ ಹಾಗಿರುವಾಗ ತಾನಿಲ್ಲಿ ನಗುವುದೇ ಪಾಪವೆಂದು ಕೊರಗುತ್ತಾಳೆ.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಇಂಥದೇ ಪ್ರಶ್ನೆ: ಇದು ಯಾರ ಪಾಪದ ಫಲ, ಇವನದೋ, ಹೆತ್ತವರದೋ? ಸ್ವಾಮಿ ಎರಡನ್ನೂ ಒಪ್ಪಲಿಲ್ಲ (ಯೊವಾನ್ನ, 9ನೇ ಅಧ್ಯಾಯ). ತಂದೆಯ ದೋಷವನ್ನು ಮಗನ ತಲೆಗೆ ಕಟ್ಟಲಾಗದೆಂದು ಪ್ರವಾದಿ ಯೆಜೆಕಿಯೇಲನೂ ಸಾರಿದ್ದಾನೆ (18ನೇ ಅಧ್ಯಾಯ).

ವೈದ್ಯರು ಮದ್ಯವ್ಯಸನವನ್ನು ಕಾಯಿಲೆಯೆಂದೇ ಗುರುತಿಸಿದ್ದಾರೆ. ಬಹುಕಾಲ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಬುದ್ಧಿಭ್ರಮಣೆಯಾಗುತ್ತದೆ, ಪ್ರಾಣಕ್ಕೂ ಅಪಾಯ. ಇಂಥ ಕಾಯಿಲೆ ಮಗುವಿನ ಒಂದು ಮಾತಿನಿಂದ ಬರುವುದಿಲ್ಲ. ಮಗುವಿನ ಕಣ್ಣೀರಿನಿಂದ ವಾಸಿಯಾಗುವುದೂ ಇಲ್ಲ. ಕುಡುಕರ ಕುಟುಂಬದವರಿಗಾಗಿ ಅಮೆರಿಕದಲ್ಲಿ 1951ರಲ್ಲಿ ಆರಂಭವಾದ ಅಲ್-ಅನಾನ್ ಬಳಗ, 1957ರಲ್ಲಿ ಹದಿಹರೆಯದವರಿಗೆಂದು ಹುಟ್ಟಿದ ಅಲಟೀನ್ ಮೊದಲು ಕಲಿಸುವ ಪಾಠವೂ ಇದೇ.

ಹಾಗಾದರೆ ಮಕ್ಕಳದು ಏನೂ ತಪ್ಪಿಲ್ಲವೇ? ಇರಬಹುದು. ಬೀದಿಯಲ್ಲಿ ಎಲ್ಲರೆದುರು ತಂದೆಯನ್ನು ಹೀಯಾಳಿಸಿರಬಹುದು, ಕೈ ಎತ್ತಿರಬಹುದು, ‘ಸತ್ತರೆ ಸಾಕು’ ಎಂದು ಶಪಿಸಿರಬಹುದು. ಅದು ನಮ್ಮದು. ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆಯೋಣ. ಆದರೆ ಎಷ್ಟು ಬಾರಿ ನಿವೇದಿಸಿದರೂ ಇಳಿಯದ ಭಾರವೊಂದು ಉಳಿದರೆ ಯೋಚಿಸಬೇಕು: ಅದು ನಾವು ಮಾಡಿದ ಪಾಪವೇ? ಮಾಡದ ತಪ್ಪಿಗೆ ಕ್ಷಮೆ ಬೇಡಿದರೆ ಮನಸ್ಸು ಹಗುರಾಗುವುದಾದರೂ ಹೇಗೆ? ಅದನ್ನು ನಿವೇದಿಸುವುದಲ್ಲ, ಕೆಳಗಿಳಿಸಬೇಕು.

“ತಂದೆತಾಯಿಯನ್ನು ಗೌರವಿಸಬೇಕೆಂಬ ಆಜ್ಞೆಯಿದೆಯಲ್ಲ?” ಎನ್ನಬಹುದು. ನಿಜ. ನೋವ ಕುಡಿದು ಬೆತ್ತಲೆಯಾಗಿ ಬಿದ್ದಾಗ ಇಬ್ಬರು ಮಕ್ಕಳು ಮುಖ ತಿರುಗಿಸಿಕೊಂಡೇ ಬಂದು ಬಟ್ಟೆ ಹೊದಿಸಿದರು (ಆದಿಕಾಂಡ, 9ನೇ ಅಧ್ಯಾಯ). ಅದು ಗೌರವ. ಅವರು ಮತ್ತೆ ದ್ರಾಕ್ಷಾರಸ ತಂದುಕೊಡಲಿಲ್ಲ. ಮಾನ ಕಾಯುವುದು ಬೇರೆ, ಚಟ ಕಾಯುವುದು ಬೇರೆ. ಕುಡಿಯಲು ಹಣ ಕೊಡುವುದು, ಕೆಲಸದ ಜಾಗಕ್ಕೆ ‘ಅಪ್ಪನಿಗೆ ಜ್ವರ’ವೆಂದು ಸುಳ್ಳು ಹೇಳಿಕಳುಹಿಸುವುದು ನಾಲ್ಕನೆಯ ಆಜ್ಞೆಯ ಪಾಲನೆಯಲ್ಲ.

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ ಕುಡುಕ ತಂದೆಯ ಮಗ. ತಾನೂ ಬಾಲ್ಯದಲ್ಲೇ ಕುಡಿತಕ್ಕೆ ಬಿದ್ದವನು. 1884ರಲ್ಲಿ ಒಂದು ದಿನ ಕೈ ಖಾಲಿಯಾಗಿ ಹೆಂಡದಂಗಡಿಯ ಬಳಿ ನಿಂತಾಗ ಗೆಳೆಯರಾರೂ ಕುಡಿಸಲಿಲ್ಲ. ಮನನೊಂದು ಮನೆಗೆ ಮರಳಿದ ಆತ ಅಂದೇ ಕುಡಿತ ಬಿಡುವ ಪ್ರತಿಜ್ಞೆ ಮಾಡಿ, 1925ರಲ್ಲಿ ಸಾಯುವವರೆಗೂ ಪಾಲಿಸಿದ. ಧರ್ಮಸಭೆ 1975ರಲ್ಲಿ ಆತನನ್ನು ‘ಪೂಜ್ಯ’ನೆಂದು ಸಾರಿತು. ಪ್ರತಿ ನಿರಾಕರಣೆಯೂ ಹೀಗೆ ಫಲಿಸುತ್ತದೆಂದಲ್ಲ. ಆದರೆ ‘ಇಲ್ಲ’ ಎಂದ ಮಗ ಕ್ರೂರಿಯಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಈ ಶಿಲುಬೆಯಿದ್ದರೆ ಒಬ್ಬರೇ ಹೊರಬೇಡಿ. ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಚಿಕಿತ್ಸೆಯಿದೆ. ಹೊಡೆತ ಬಡಿತವಿದ್ದರೆ ಸುರಕ್ಷಿತ ಸ್ಥಳಕ್ಕೆ ಹೋಗುವುದು ಪಾಪವಲ್ಲ. ತಂದೆ ಈಗಾಗಲೇ ತೀರಿಕೊಂಡಿದ್ದರೆ, ಅವರನ್ನು ದೇವರ ಕರುಣೆಗೆ ಒಪ್ಪಿಸಿ. ಸಂಜೆಯ ಜಪಸರದಲ್ಲಿ ಅವರ ಹೆಸರು ಹೇಳಿ. ಅವರನ್ನು ಉಳಿಸುವ ಹೊಣೆ ರಕ್ಷಕನದು, ಪ್ರೀತಿಸುವುದಷ್ಟೇ ನಮ್ಮದು.