ದೋಷಯುಕ್ತ ಬಂದೂಕನ್ನು ಸರಿಪಡಿಸುವುದು ಹಿಂಸಾದಾನವೇ?

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ಕ್ರಿಯೆಗಳನ್ನು ತ್ಯಜಿಸುವುದೇ ಈ ವ್ರತದ ಸ್ವರೂಪ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಈ ವಿಧಿ ಸ್ಪಷ್ಟವಾಗಿಯೇ ಇದೆ. ಆದರೆ ಉಪಕರಣವೊಂದು ಕೆಟ್ಟು, ಅದನ್ನು ಹಿಡಿದವನ ಮನೆಯವರಿಗೇ ಮೃತ್ಯುವಾಗುವ ಸ್ಥಿತಿಯಲ್ಲಿದ್ದರೆ, ಅದನ್ನು ಸರಿಪಡಿಸುವುದು ಹಿಂಸಾದಾನವೋ ಜೀವರಕ್ಷಣೆಯೋ? ಅಮೆರಿಕ ದೇಶದಲ್ಲಿ ನಡೆದ ಒಂದು ಸಂಗತಿ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ.

ಅಲ್ಲಿನ ರೆಮಿಂಗ್ಟನ್ ಕಂಪನಿಯು 1962ರಲ್ಲಿ ‘ಮಾಡೆಲ್ 700’ ಎಂಬ ಬೇಟೆಯ ಬಂದೂಕನ್ನು ಮಾರುಕಟ್ಟೆಗೆ ತಂದಿತು. ಬೋಲ್ಟನ್ನು ಕೈಯಿಂದ ಹಿಂದೆಳೆದು ಮುಂದೂಡಿ ತೋಟಾ ತುಂಬುವ ಬಂದೂಕು ಇದು. ಟ್ರಿಗರ್ ಎಂದು ಕರೆಯುವ ಇದರ ಕುದುರೆಯ ವಿನ್ಯಾಸ 1940ರ ದಶಕದ್ದು. ಮೈಕ್ ವಾಕರ್ ಎಂಬ ಇಂಜಿನಿಯರ್ ರೂಪಿಸಿದ್ದು. ಕುದುರೆಯ ಮುಂಭಾಗದಲ್ಲಿ ‘ಕನೆಕ್ಟರ್’ ಎಂಬ ಚಿಕ್ಕ ಲೋಹದ ತುಂಡೊಂದು ಸ್ಪ್ರಿಂಗಿನ ಒತ್ತಡದಿಂದ ಮಾತ್ರ ನಿಂತಿರುತ್ತದೆ. ಗುಂಡು ಹಾರಿದಾಗಲೆಲ್ಲ ಅದು ಕ್ಷಣಕಾಲ ಕುದುರೆಯಿಂದ ಬೇರ್ಪಟ್ಟು ಮತ್ತೆ ಸ್ವಸ್ಥಾನಕ್ಕೆ ಮರಳಬೇಕು. ಆ ಕಿರಿದಾದ ಎಡೆಯಲ್ಲಿ ಧೂಳೋ, ಗಟ್ಟಿಯಾದ ಎಣ್ಣೆಯೋ, ತುಕ್ಕೋ ಸೇರಿದರೆ ತುಂಡು ಪೂರ್ಣವಾಗಿ ಮರಳುವುದಿಲ್ಲ. ಸೂಜಿಯನ್ನು ತಡೆದು ನಿಲ್ಲಿಸುವ ಆಧಾರ ಕೂದಲೆಳೆಯಷ್ಟೇ ಉಳಿಯುತ್ತದೆ. ಆಗ ಯಾರ ಬೆರಳೂ ಕುದುರೆಯನ್ನು ಮುಟ್ಟದಿದ್ದರೂ, ಸುರಕ್ಷತೆಯ ಕೀಲನ್ನು ಸಡಿಲಿಸಿದ ಮಾತ್ರಕ್ಕೆ ಗುಂಡು ಹಾರಬಹುದೆಂಬುದು ಆಕ್ಷೇಪಣೆ.

1982ಕ್ಕಿಂತ ಹಿಂದಿನ ಬಂದೂಕುಗಳಲ್ಲಿ ತೋಟಾವನ್ನು ಹೊರತೆಗೆಯಬೇಕಾದರೂ ಮೊದಲು ಆ ಕೀಲನ್ನು ಸಡಿಲಿಸಲೇಬೇಕಿತ್ತು. ಹೀಗಾಗಿ ಬೇಟೆ ಮುಗಿಸಿ ಬಂದೂಕನ್ನು ಬರಿದುಮಾಡುವ ನಿರುಪದ್ರವಿ ಕ್ಷಣವೇ ಅಪಾಯದ ಕ್ಷಣವಾಯಿತು. 2000ದಲ್ಲಿ ಮೊಂಟಾನಾ ರಾಜ್ಯದಲ್ಲಿ ತಾಯಿಯೊಬ್ಬಳು ತೋಟಾ ತೆಗೆಯಲೆಂದು ಕೀಲನ್ನು ಸರಿಸಿದಾಗ ಗುಂಡು ಹಾರಿ, ಒಂಬತ್ತು ವರ್ಷದ ಅವಳ ಮಗನೇ ಅಸುನೀಗಿದನು. 2010ರಲ್ಲಿ ಸಿಎನ್‌ಬಿಸಿ ದೂರದರ್ಶನವು ಪ್ರಕಟಿಸಿದ ವರದಿಯಂತೆ, ಸ್ವತಃ ವಾಕರ್ 1948ರಲ್ಲಿಯೇ ಹೆಚ್ಚು ಸುರಕ್ಷಿತವಾದ ಬದಲಾವಣೆಯೊಂದನ್ನು ಸೂಚಿಸಿದ್ದನು. ಅದಕ್ಕೆ ತಗಲುತ್ತಿದ್ದ ವೆಚ್ಚ ಬಂದೂಕೊಂದಕ್ಕೆ ಐದೂವರೆ ಸೆಂಟ್ ಮಾತ್ರ. ಅದು ಕಾರ್ಯಗತವಾಗಲಿಲ್ಲ. ವಿನ್ಯಾಸದಲ್ಲಿ ದೋಷವಿದೆಯೆಂದು ಕಂಪನಿ ಒಪ್ಪಲಿಲ್ಲ. ಆದರೂ ಸುಮಾರು 75 ಲಕ್ಷ ಬಂದೂಕುಗಳಿಗೆ ಸಂಬಂಧಿಸಿದ ರಾಜಿಯೊಂದನ್ನು 2017ರಲ್ಲಿ ನ್ಯಾಯಾಲಯವು ಅಂಗೀಕರಿಸಿ, ಹೆಚ್ಚಿನ ಮಾದರಿಗಳಿಗೆ ಹೊಸ ಕುದುರೆಯನ್ನು ಉಚಿತವಾಗಿ ಜೋಡಿಸಿಕೊಡುವ ಏರ್ಪಾಡಾಯಿತು. ಬಂದೂಕುಗಳ ಸಂಖ್ಯೆಗೆ ಹೋಲಿಸಿದರೆ ಅದಕ್ಕಾಗಿ ಮುಂದೆ ಬಂದವರು ಅತ್ಯಲ್ಪ.

ಇನ್ನು ಪ್ರಕೃತ ವಿಷಯ. ಅಂಥ ದೇಶದಲ್ಲಿ ನೆಲೆಸಿದ, ಯಂತ್ರಕೆಲಸ ಬಲ್ಲ ಒಬ್ಬ ವ್ರತಿಕ ಶ್ರಾವಕನನ್ನು ಊಹಿಸಬಹುದು. ನೆರೆಮನೆಯ ಬೇಟೆಗಾರನು ಇಂಥದೊಂದು ಬಂದೂಕನ್ನು ತಂದು, ಕುದುರೆಯನ್ನು ಬದಲಿಸಿಕೊಡೆಂದು ಕೇಳುತ್ತಾನೆ. ಕೆಲಸ ದೊಡ್ಡದಲ್ಲ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಮರದ ಹಿಡಿಯಿಂದ ಯಂತ್ರಭಾಗವನ್ನು ಬೇರ್ಪಡಿಸಿ, ಎರಡು ಚಿಕ್ಕ ಮೊಳೆಗಳನ್ನು ಹೊರದೂಡಿದರೆ ಹಳೆಯ ಕುದುರೆ ಕೈಗೆ ಬರುತ್ತದೆ. ಹೊಸದನ್ನು ಕೂಡಿಸಿ ಪರೀಕ್ಷಿಸಬೇಕು. ಮಾಡಿಕೊಟ್ಟರೆ ಜಿಂಕೆಯ ವಧೆಗೆ ಸಹಾಯ. ನಿರಾಕರಿಸಿದರೆ ನೆರೆಮನೆಯ ಮಗುವಿನ ಪ್ರಾಣಕ್ಕೆ ಅಪಾಯ. ಅವನೇನು ಮಾಡಬೇಕು?

ಗೃಹಸ್ಥನು ಶಸ್ತ್ರವನ್ನು ಮುಟ್ಟಲೇಬಾರದೆಂದು ಹೇಳಿ ಮುಗಿಸುವಂತಿಲ್ಲ. ವಿರೋಧಿ ಹಿಂಸೆಯ ತ್ಯಾಗವು ಗೃಹಸ್ಥನಿಗೆ ವಿಧಿಸಲ್ಪಟ್ಟಿಲ್ಲ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿದ್ದನು. ಆದರೆ ಬೇಟೆಯ ಮಾತು ಬೇರೆ. ಅದು ಸಂಕಲ್ಪೀ ಹಿಂಸೆ; ಸಪ್ತವ್ಯಸನಗಳಲ್ಲಿ ಒಂದು. ಬೇಟೆಗೆಂದೇ ಮಾಡಿದ ಉಪಕರಣವನ್ನು ಬೇಟೆಗೆಂದು ತಿಳಿದೂ ಸಿದ್ಧಗೊಳಿಸುವವನು, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ದ್ವಾರಗಳಲ್ಲಿ ಕಡೆಯದರಿಂದಲಾದರೂ ದೋಷಕ್ಕೆ ಪಾಲುದಾರನಾಗುತ್ತಾನೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅನರ್ಥವೆಂದರೆ ನಿಷ್ಪ್ರಯೋಜಕ, ಮಗುವಿನ ಪ್ರಾಣರಕ್ಷಣೆಯೆಂಬ ಮಹತ್ಪ್ರಯೋಜನವಿರುವಾಗ ಇದು ಅನರ್ಥದಂಡ ಹೇಗಾದೀತು? ಆಕ್ಷೇಪ ಬಲವಾದದ್ದೇ. ಇದಕ್ಕೆ ಸಮಾಧಾನವು ಆ ಕೆಲಸವನ್ನೇ ಸೂಕ್ಷ್ಮವಾಗಿ ನೋಡಿದಾಗ ದೊರೆಯುತ್ತದೆ. ‘ಬದಲಿಸುವುದು’ ಎಂಬ ಒಂದು ಮಾತಿನಲ್ಲಿ ಎರಡು ಕ್ರಿಯೆಗಳು ಅಡಗಿವೆ: ಹಳೆಯದನ್ನು ತೆಗೆಯುವುದು, ಹೊಸದನ್ನು ಕೂಡಿಸುವುದು. ದೋಷಯುಕ್ತ ಕುದುರೆಯನ್ನು ತೆಗೆದ ಕ್ಷಣದಲ್ಲಿಯೇ ಬಂದೂಕು ನಿಷ್ಕ್ರಿಯವಾಗುತ್ತದೆ. ಮಗುವಿನ ಮೇಲಿನ ಅಪಾಯ ಅಲ್ಲಿಗೆ ತೀರುತ್ತದೆ. ಹೊಸದನ್ನು ಕೂಡಿಸುವುದರಿಂದ ಆ ಮಗುವಿಗೆ ಹೆಚ್ಚಿನ ರಕ್ಷಣೆಯೇನೂ ದೊರೆಯದು. ದೊರೆಯುವುದು ಬೇಟೆಯ ಸಾಮರ್ಥ್ಯ ಮಾತ್ರ. ಆದುದರಿಂದ ಮೊದಲನೆಯ ಕ್ರಿಯೆ ದಯೆ, ಎರಡನೆಯದು ಹಿಂಸಾದಾನ. ಶ್ರಾವಕನು ಮೊದಲನೆಯದನ್ನು ಸಂತೋಷದಿಂದ ಮಾಡಿ, ಎರಡನೆಯದನ್ನು ವಿನಯದಿಂದ ನಿರಾಕರಿಸಬಹುದು.

ಬೇಟೆಗಾರನು ಮತ್ತೊಬ್ಬ ಕಮ್ಮಾರನ ಬಳಿಗೆ ಹೋಗುವನಲ್ಲವೇ, ಈ ನಿರಾಕರಣೆಯಿಂದ ಒಂದು ಜಿಂಕೆಯಾದರೂ ಉಳಿಯಿತೇ ಎಂದು ಕೇಳಬಹುದು. ಉಳಿಯದಿರಬಹುದು. ವ್ರತವು ಲೋಕದ ಕೈಗಳನ್ನೆಲ್ಲ ಕಟ್ಟಿಹಾಕುವ ಸಾಧನವಲ್ಲ. ತನ್ನ ಕೈಯನ್ನು ತಾನು ಅರಿತು ತಡೆಯುವ ನಿಯಮ. ಆದರೆ ಇದೇ ಮಾತು ಉದಾಸೀನತೆಗೆ ಮರೆಯಾಗಬಾರದು. ‘ಆಯುಧದ ಗೊಡವೆ ನನಗೆ ಬೇಡ’ ಎಂದು ಬಾಗಿಲು ಮುಚ್ಚಿಕೊಂಡು, ಮರುದಿನ ನೆರೆಮನೆಯಲ್ಲಿ ಅನಾಹುತವಾದರೆ, ಅಂಥವನು ಹಿಂಸಾದಾನದಿಂದ ಪಾರಾದರೂ ಪ್ರಮಾದದಿಂದ ಪಾರಾಗಲಿಲ್ಲ. ದೋಷವನ್ನು ಬಲ್ಲವನು ಅದನ್ನು ಹೇಳಲೇಬೇಕು: ಇದರಲ್ಲಿ ತೋಟಾ ತುಂಬಬೇಡ, ಮನೆಯಲ್ಲಿ ಹೀಗೆ ಇಡಬೇಡ ಎಂಬುದು ಪಾಪೋಪದೇಶವಲ್ಲ, ಹಿತೋಪದೇಶ. ತೆಗೆದ ಕುದುರೆಯನ್ನು ಬಚ್ಚಿಡುವುದು ಅಚೌರ್ಯಕ್ಕೆ ವಿರುದ್ಧ. ಅದನ್ನು ಒಡೆಯನಿಗೇ ಒಪ್ಪಿಸಿ, ಮತ್ತೆ ಜೋಡಿಸಿದರೆ ಆಗುವ ಅಪಾಯವನ್ನು ಸ್ಪಷ್ಟವಾಗಿ ತಿಳಿಸಬೇಕು. ಇಷ್ಟೆಲ್ಲ ಮಾಡಿಯೂ ಕರುಣೆಯ ಒತ್ತಡದಿಂದ ಹೊಸದನ್ನೂ ಕೂಡಿಸಿಕೊಟ್ಟವನು ಕ್ರೂರನಲ್ಲ; ಅವನ ಭಾವ ಮಂದ, ಬಂಧವೂ ಮಂದ. ಆದರೂ ಅವನು ಅದನ್ನು ಧರ್ಮವೆಂದು ಸಮರ್ಥಿಸಿಕೊಳ್ಳದೆ, ಪ್ರತಿಕ್ರಮಣದಲ್ಲಿ ದೋಷವೆಂದೇ ಆಲೋಚಿಸಬೇಕು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಹೇಳುವಾಗ, ಭಾವದ ತೀವ್ರತೆ ಮಂದತೆಗಳೊಡನೆ ಜ್ಞಾತ ಮತ್ತು ಅಜ್ಞಾತ ಭಾವಗಳನ್ನೂ ಅಧಿಕರಣವನ್ನೂ ಸೇರಿಸಿದ್ದಾರೆ. ಅರಿಯದೆ ಕೀಲನ್ನು ಸರಿಸಿದ ತಾಯಿಗೂ ದೋಷದ ಸುಳಿವಿದ್ದು ಸುಮ್ಮನಿರುವವನಿಗೂ ಇರುವ ಅಂತರ ಇಲ್ಲಿದೆ. ಬಂದೂಕನ್ನು ಎಂದೂ ಕಾಣದ ಜೈನ ಮನೆಗಳಿಗೂ ಇದು ಅನ್ವಯಿಸುತ್ತದೆ. ಬಾವಿಯ ಪಂಪಿನ ತಂತಿಯ ಹೊದಿಕೆ ಹರಿದಿರುವುದನ್ನು ಕಂಡೂ ಆಳನ್ನು ಕಳುಹಿಸುವವನು, ಸೋರುವ ಒಲೆಯನ್ನು ಪಕ್ಕದ ಮನೆಗೆ ಎರವಲು ಕೊಡುವವಳು, ಕೆಲವೇ ಪೈಸೆಗಳ ಉಳಿತಾಯಕ್ಕಾಗಿ ದೋಷವನ್ನು ಮುಚ್ಚಿ ಸರಕು ಮಾರುವ ವ್ಯಾಪಾರಿ, ಇವರೆಲ್ಲರೂ ಜ್ಞಾತಭಾವದ ಲೆಕ್ಕದಲ್ಲಿಯೇ ನಿಲ್ಲುತ್ತಾರೆ. ಅನಾಹುತವಾಗದಿದ್ದರೂ ದೋಷ ತಪ್ಪದು. ಏಕೆಂದರೆ ಹಿಂಸೆಯ ಮೂಲ ಪ್ರಮತ್ತಯೋಗ, ಪರಿಣಾಮವಲ್ಲ.

ವ್ರತೋಪವಾಸಗಳನ್ನು ಆಚರಿಸುವವರು ಆ ಯಂತ್ರದಿಂದ ಇನ್ನೊಂದನ್ನೂ ಗ್ರಹಿಸಬಹುದು. ಸುರಕ್ಷತೆಯ ಕೀಲು ಹಾಕಿರುವವರೆಗೆ ಬಂದೂಕು ಶಾಂತವಾಗಿಯೇ ಕಾಣುತ್ತದೆ. ಒಳಗಿನ ಆಧಾರ ಜಾರಿರುವುದು ಹೊರಗೆ ತೋರುವುದಿಲ್ಲ. ಕೀಲನ್ನು ಸರಿಸಿದಾಗಲೇ ಗುಂಡು ಹಾರುತ್ತದೆ. ಅಷ್ಟಾಹ್ನಿಕದಲ್ಲಿಯೋ ದಶಲಕ್ಷಣ ಪರ್ವದಲ್ಲಿಯೋ ಉಪವಾಸವಿದ್ದವನು ಮೌನವಾಗಿ, ಸೌಮ್ಯನಾಗಿ ದಿನ ಕಳೆದು, ಪಾರಣೆಯ ದಿನ ಗಂಜಿ ತಡವಾಯಿತೆಂದು ಸೊಸೆಯ ಮೇಲೆ ಸಿಡಿದರೆ, ಉಪವಾಸವು ಕೀಲಾಗಿತ್ತೇ ಹೊರತು ಶುದ್ಧಿಯಾಗಲಿಲ್ಲ. ಕಷಾಯದ ಕಸ ಎಡೆಯಲ್ಲಿ ಹಾಗೆಯೇ ಉಳಿದಿತ್ತು. ನಿಯಮ ತೊಡುವ ದಿನವೇ ಒಳಗನ್ನು ಬಿಚ್ಚಿ ನೋಡಿ ಆ ಕಸವನ್ನು ತೆಗೆಯುವುದು ಶ್ರಾವಕನ ಕರ್ತವ್ಯ. ನೆರೆಯವನ ಬಂದೂಕಿನಲ್ಲಿ ಅವನು ಮಾಡಬಹುದಾದದ್ದು ಅರ್ಧ ಕೆಲಸ ಮಾತ್ರ; ತನ್ನ ಅಂತರಂಗದಲ್ಲಿ ಪೂರ್ಣ ಕೆಲಸವನ್ನು ಮಾಡಲು ಯಾವ ವ್ರತವೂ ಅಡ್ಡಿಯಾಗದು.