ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಂಡತಿ

ಪರದೇಶದಲ್ಲಿ ಕೂತು ಊರಿನ ವಂಶವೃಕ್ಷ ಬರೆಯಹೊರಟವರಿಗೆ ಒಂದಲ್ಲ ಒಂದು ದಿನ ಇಬ್ಬರು ಹೆಂಡಿರ ಅಜ್ಜನೊಬ್ಬ ಎದುರಾಗುತ್ತಾನೆ. ಪುತ್ತೂರು, ಸುಳ್ಯ, ಕಡಬದ ಕಡೆಯ ಮನೆಗಳಲ್ಲಂತೂ ಇದು ಅಪರೂಪವೇನಲ್ಲ. ಫೋನು ಮಾಡಿ ಕೇಳಿದರೆ ದೊಡ್ಡಮ್ಮ "ಅದೆಲ್ಲ ಈಗ ಯಾಕೆ ಮಗಾ?" ಎನ್ನುತ್ತಾರೆ. ಮಾತು ಅಡಿಕೆ ರೇಟಿನ ಕಡೆಗೆ ಹೊರಳುತ್ತದೆ.

ನಮ್ಮ ಸಂಬಂಧದ ಮನೆಯೊಂದರ ಹಳೆಯ ಪಾಲುಪಟ್ಟಿಯನ್ನು ಬಿಡಿಸಿ ಓದುತ್ತಿದ್ದೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳ ವಿವರ, ತೋಟ, ಕುಮ್ಕಿ, ಗಂಡುಮಕ್ಕಳ ಪಾಲು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಬ್ಬ ಹೆಂಗಸಿನ ಹೆಸರು. ಅವಳಿಗೆ ಬದುಕಿರುವವರೆಗೆ ವರ್ಷಕ್ಕಿಷ್ಟು ಮುಡಿ ಅಕ್ಕಿ ಕೊಡತಕ್ಕದ್ದು. ಅವಳು ಯಾರ ಮಗಳು, ಯಾರ ಹೆಂಡತಿ ಎಂಬುದಿಲ್ಲ. ವಿಧವೆಯಾದ ನಾದಿನಿ ಇದ್ದಿರಬಹುದೆಂದು ಮನೆಯವರೆಲ್ಲ ತೇಲಿಸಿದರು. ಉತ್ತರ ಸಿಕ್ಕಿದ್ದು ಅವಳ ತವರಿನಲ್ಲಿ. ಅಲ್ಲಿ ಗತಿಸಿದವರಿಗೆ ಎಡೆ ಬಡಿಸುವಾಗ ಅವಳಿಗೂ ಒಂದು ಎಲೆ ಹಾಕುತ್ತಾರೆ. ಪಾಲುಪಟ್ಟಿಯ ಮನೆಯ ಅಜ್ಜನ ಮೊದಲ ಹೆಂಡತಿ ಅವಳು. ಮಕ್ಕಳಾಗಲಿಲ್ಲವೆಂದು ತವರಿಗೆ ಕಳಿಸಿದ್ದರು. ಗಂಡನ ಮನೆಯ ಪಟ್ಟಿಯಲ್ಲಿ ಕಾಣದ ಹೆಂಗಸನ್ನು ತವರುಮನೆಯಲ್ಲಿ ಹುಡುಕಬೇಕು.

ಹಾಗಾದರೆ ಅಜ್ಜ ಮಾಡಿದ್ದು ಅಪರಾಧವೆ? ಇಸವಿ ನೋಡದೆ ಅವನನ್ನು ಕಟಕಟೆ ಹತ್ತಿಸುವುದು ಬೇಡ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಹಿಂದೂ ಗಂಡಸು ಎರಡನೆಯ ಮದುವೆಯಾಗುವುದನ್ನು ಆ ಪ್ರಾಂತ್ಯದಲ್ಲಿ ಕಾನೂನು ತಡೆದದ್ದು 1949ರಲ್ಲಿ. ಬೆಳಗಾವಿ, ಧಾರವಾಡದ ಕಡೆ, ಅಂದರೆ ಮುಂಬಯಿ ಪ್ರಾಂತ್ಯದಲ್ಲಿ, ಮೂರು ವರ್ಷ ಮೊದಲೇ ತಡೆ ಬಂದಿತ್ತು. ದೇಶದ ಮಟ್ಟದಲ್ಲಿ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರ ಮೇ 18ಕ್ಕೆ. ಕ್ರೈಸ್ತರ, ಮುಸ್ಲಿಮರ ಲೆಕ್ಕ ಬೇರೆ. ಅಲ್ಲಿ ಇಗರ್ಜಿಯ, ಮಸೀದಿಯ ಪುಸ್ತಕಗಳನ್ನು ಕೇಳಬೇಕು.

ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಸಂತಾನದ ಮನೆಗಳಲ್ಲಿ ಕಥೆ ಇನ್ನೂ ಸ್ವಾರಸ್ಯ. ಬಂಟರಲ್ಲಿ ಕನ್ಯೆಯ ಮದುವೆಗೆ ಕೈಧಾರೆ, ವಿಧವೆಯ ಮರುಮದುವೆಗೆ ಬುಡುಧಾರೆ ಎಂದು ಎರಡು ಕ್ರಮಗಳಿದ್ದವು. ಹೆಂಡತಿ ಗಂಡನನ್ನು ಬಿಡಬಹುದಿತ್ತು, ಗಂಡ ಹೆಂಡತಿಯನ್ನೂ. ಇಷ್ಟು ಸಲೀಸಾಗಿ ಮುರಿಯುವ ಸಂಬಂಧ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂಬ ತೀರ್ಮಾನಕ್ಕೆ ಮದ್ರಾಸ್ ಹೈಕೋರ್ಟು 1883ರಲ್ಲಿ ಬಂತು. ಮಕ್ಕಳು ತಾಯಿಯ ತರವಾಡಿಗೆ ಸೇರಿದವರಾದ್ದರಿಂದ ಆಸ್ತಿಗೆ ಅಪ್ಪ ಯಾರೆಂದು ಬರೆಯಬೇಕಾದ ಅಗತ್ಯವೂ ಇರಲಿಲ್ಲ. ಈ ಮದುವೆಗೂ ವಿಚ್ಛೇದನಕ್ಕೂ ಕಾನೂನಿನ ಚೌಕಟ್ಟು ಕೊಟ್ಟದ್ದು 1949ರದೇ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅಮೆರಿಕದ ಶಾಲೆಯವರು ಮಕ್ಕಳ ಕೈಗೆ ಕೊಡುವ ವಂಶವೃಕ್ಷದ ಹಾಳೆಯಲ್ಲಿ ಗಂಡ, ಹೆಂಡತಿ ಎಂದು ಎರಡೇ ಚೌಕ. ನಮ್ಮ ಅಜ್ಜಿಯಂದಿರು ಅದರೊಳಗೆ ಹಿಡಿಸುವುದಿಲ್ಲ.

1955ರ ನಂತರದ ಮದುವೆಗಳಲ್ಲೂ ಅವಸರ ಬೇಡ. ಜಾತಿಯ ರೂಢಿಯಲ್ಲಿ ವಿಚ್ಛೇದನವಿದ್ದರೆ ಅದನ್ನು 1955ರ ಕಾಯ್ದೆಯೇ ಉಳಿಸಿಕೊಂಡಿದೆ. ಹತ್ತು ಜನರ ಮುಂದೆ ಬಿಡುಗಡೆಯಾಗಿದ್ದರೆ ಕೋರ್ಟಿನಲ್ಲಿ ಡಿಕ್ರಿ ಸಿಗದಿರುವುದು ಸಹಜ. ಸಂಪಾಜೆ ಘಾಟಿ ಹತ್ತಿ ಕೊಡಗಿನ ತೋಟಕ್ಕೆ ಹೋದವನು ಅಲ್ಲೇ ಸಂಸಾರ ಹೂಡಿದ್ದರೆ ಆ ಮಾತು ಬೇರೆ. ಆದರೆ ಹಾಗೆ ಹೋದ ಗಂಡ ಬದುಕಿರುವ ಸುದ್ದಿಯೇ ಏಳು ವರ್ಷ ಸಿಗದಿದ್ದಾಗ ಹೆಂಡತಿ ಆ ಸಂಗತಿ ಮುಚ್ಚಿಡದೆ ಮರುಮದುವೆಯಾದರೆ ಕ್ರಿಮಿನಲ್ ಕಾನೂನು ಅದನ್ನು ಅಪರಾಧವೆನ್ನುವುದಿಲ್ಲ.

ಹುಡುಕುವ ಜಾಗ ಗೊತ್ತಿರಲಿ. ಕಡಬ ತಾಲೂಕಾದದ್ದು ಮೊನ್ನೆ ಮೊನ್ನೆ. ಸುಳ್ಯ ಪುತ್ತೂರಿನಿಂದ ಬೇರೆಯಾದದ್ದು ಅರುವತ್ತರ ದಶಕದಲ್ಲಿ. ಇನ್ನೂ ಹಳೆಯ ಕಾಗದಗಳಲ್ಲಿ ಉಪ್ಪಿನಂಗಡಿ ತಾಲೂಕು ಎಂದಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪಟ್ಟಿ, ವೀಲುನಾಮೆ, ಹಕ್ಕುಬಿಡುಗಡೆ ಪತ್ರಗಳ ನಕಲು ಕೇಳಿ. ಮದುವೆಯ ದಾಖಲೆ ಸಿಗದ ಮನೆಯಲ್ಲೂ ಜಮೀನಿನ ದಾಖಲೆ ಸಿಗುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿದಾರರು ಕೊಟ್ಟ ಡಿಕ್ಲರೇಷನ್‌ಗಳೂ, ಅವುಗಳ ಮೇಲಿನ ತಕರಾರುಗಳೂ ಓದತಕ್ಕವು. ಮನೆಯ ಜಗಳ ಅಲ್ಲಿ ಬಾಯಿಬಿಟ್ಟಿರುತ್ತದೆ.

ಇದು ಬರೀ ಕುತೂಹಲದ ವಿಷಯವಲ್ಲ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. ಮದುವೆ ಅಸಿಂಧುವಾದರೂ, ಅದರಲ್ಲಿ ಹುಟ್ಟಿದ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಯ ಪಾಲಿಗೆ ಬರುವುದರಲ್ಲಿ ಹಕ್ಕುಂಟು. ಉಳಿದ ಸಂಬಂಧಿಕರ ಪಾಲಿನಲ್ಲಿ ಇಲ್ಲ. ಜಾಗ ಮಾರುವ ಅವಸರದಲ್ಲಿ ನಾಡಕಚೇರಿಗೆ ಅರೆಬರೆ ವಂಶವೃಕ್ಷ ಕೊಟ್ಟವರು ಮುಂದೆ ಕೋರ್ಟು ಅಲೆಯಬೇಕಾದೀತು.

ಬದುಕಿರುವ ಮಕ್ಕಳು, ಮೊಮ್ಮಕ್ಕಳಿದ್ದರೆ ಅವರನ್ನು ಕೇಳದೆ ಇದನ್ನೆಲ್ಲ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆದರೆ ನಿಮ್ಮ ಪುಸ್ತಕದಲ್ಲಿ ಮೊದಲ ಹೆಂಡತಿಯ ಹೆಸರು, ತವರಿನ ಹೆಸರು ಬರೆದಿಡಿ. ದೊಡ್ಡಮ್ಮ ಫೋನಿನಲ್ಲಿ ಹೇಳದ್ದನ್ನು ಅಂಗಳದಲ್ಲಿ ಕೂತಾಗ ಹೇಳಿಯಾರು. ಮುಂದಿನ ಸಲ ಊರಿಗೆ ಹೋದಾಗ ಮದುವೆ ಊಟಗಳ ನಡುವೆ ಅವರಿಗೂ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ.